ಕಾಯಕ ನಿಂತ ದಿನಗಳ ಕೂಲಿ

ದುಡಿಯುವ ಕೈಗಳಿಗೆ ವಿಶ್ರಾಂತಿ ದೊರೆಯುವುದು ಬೇರೆ, ದುಡಿಮೆಯೇ ಇಲ್ಲದಂತಾಗುವುದು ಬೇರೆ. ಮೊದಲನೆಯದು ಹಬ್ಬ, ಎರಡನೆಯದು ಹಸಿವು. 2020ರ ಮಾರ್ಚ್ 25ರಂದು ಕೋವಿಡ್ ಮಹಾಮಾರಿಯ ಕಾರಣದಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ನಮ್ಮ ಕಡೆಯ ಲಕ್ಷಾಂತರ ಮನೆಗಳಿಗೆ ಬಂದೊದಗಿದ್ದು ಈ ಎರಡನೆಯದು. ಅದಾಗಿ ವರ್ಷಗಳು ಉರುಳಿವೆ. ಮುಖಕ್ಕೆ ಕಟ್ಟಿಕೊಂಡ ಬಟ್ಟೆಯನ್ನು ಜನ ಮರೆತಿದ್ದಾರೆ. ಆದರೆ ಆ ದಿನಗಳು ನಮ್ಮ ಮುಂದಿಟ್ಟ ಒಂದು ಪ್ರಶ್ನೆಯನ್ನು ಮಾತ್ರ ನಾವು ಮರೆಯುವಂತಿಲ್ಲ. ಸರ್ವರ ಪ್ರಾಣರಕ್ಷಣೆಗಾಗಿ ಕೆಲವರ ಕಾಯಕವನ್ನು ನಿಲ್ಲಿಸಿದಾಗ, ಆ ನಿಂತ ದಿನಗಳ ಕೂಲಿಯನ್ನು ಕೊಡತಕ್ಕವರು ಯಾರು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಈ ಮೂರು ಊರುಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ನಮ್ಮ ಉದ್ದೇಶ. ಈ ಊರುಗಳಲ್ಲಿ ಪೇಟೆಯ ಸಾಹುಕಾರರೂ ನಮ್ಮವರೇ, ಚೀಲ ಹೊರುವವರಲ್ಲಿಯೂ ನಮ್ಮವರಿದ್ದಾರೆ. ಆದ್ದರಿಂದ ಈ ವಿಚಾರವು ಸರ್ಕಾರಕ್ಕೆ ಮಾತ್ರ ಸಂಬಂಧಿಸಿದ್ದೆಂದು ಕೈತೊಳೆದುಕೊಳ್ಳುವಂತಿಲ್ಲ.

ಪೇಟೆಗಳು ನಿಂತಾಗ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಸುಗ್ಗಿಯ ಕಾಲ. ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಲೋಕಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಕೆಂಪು ರಾಶಿಯ ಹಿಂದೆ ಎಷ್ಟು ಕೈಗಳಿವೆ ಎಂಬುದನ್ನು ಪೇಟೆಯನ್ನು ಕಂಡವರು ಬಲ್ಲರು. ಚೀಲ ಇಳಿಸುವವರು, ತೂಗುವವರು, ಹೊಲಿಯುವವರು, ಲಾರಿಗೆ ಏರಿಸುವ ಹಮಾಲರು, ದಿನವಿಡೀ ಘಾಟಿನ ನಡುವೆ ಕುಳಿತು ತೊಟ್ಟು ಬಿಡಿಸುವ ತಾಯಂದಿರು. ಹಮಾಲರ ಕೂಲಿ ಚೀಲದ ಲೆಕ್ಕದ್ದು, ತಾಯಂದಿರ ಕೂಲಿ ತೂಕದ ಲೆಕ್ಕದ್ದು. ಚೀಲ ಬಾರದಿದ್ದರೆ ಕೂಲಿಯೂ ಬಾರದು.

ಸುಗ್ಗಿಯ ನಡುವೆಯೇ ಲಾಕ್‌ಡೌನ್ ಬಂದಿತು. ರೈತನ ಮಾಲಿಗೂ ವ್ಯಾಪಾರಿಯ ಬಂಡವಾಳಕ್ಕೂ ಸಂಕಟವಾದದ್ದು ನಿಜ. ಆದರೆ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿರಿಸಿ ಬೆಲೆ ಬರುವವರೆಗೆ ಕಾಯಬಹುದು. ಒಂದು ದಿನದ ದುಡಿಮೆಯನ್ನು ಇರಿಸುವ ಶೀತಲಗೃಹವು ಎಲ್ಲಿಯೂ ಇಲ್ಲ. ಇಂದು ಮಾಡದ ಕೂಲಿ ಇಂದೇ ಕಳೆದುಹೋಗುತ್ತದೆ.

ರಾಣೆಬೆನ್ನೂರಿನ ಸ್ಥಿತಿ ಸ್ವಲ್ಪ ಭಿನ್ನವಾಗಿದ್ದಿತು. ಅದು ಬೀಜೋತ್ಪಾದನೆಗೂ ಗೋವಿನಜೋಳಕ್ಕೂ ಹೆಸರಾದ ಸೀಮೆ. ಕೃಷಿಗೂ ಬೀಜ ಗೊಬ್ಬರಗಳಿಗೂ ಸರ್ಕಾರವು ಲಾಕ್‌ಡೌನ್‌ನಿಂದ ವಿನಾಯಿತಿ ಕೊಟ್ಟಿದ್ದರಿಂದ ಹೊಲದ ಕೆಲಸ ಪೂರ್ತಿ ನಿಲ್ಲಲಿಲ್ಲ. ಆದರೆ ಊರೊಳಗಿನ ಬಟ್ಟೆ ಅಂಗಡಿ, ಹೋಟೆಲು, ಗ್ಯಾರೇಜು, ದರ್ಜಿಯ ಅಂಗಡಿಗಳು ಮುಚ್ಚಿದವು. ಅದೇ ತಾಲ್ಲೂಕಿನ ತುಮ್ಮಿನಕಟ್ಟಿಯ ನೇಕಾರರು ಮಗ್ಗದಿಂದ ಇಳಿದ ಬಟ್ಟೆಯನ್ನು ಯಾರಿಗೆ ಮಾರಬೇಕೆಂದು ತಿಳಿಯದೆ ಕುಳಿತರು. ಏಲಕ್ಕಿ ಹಾರಕ್ಕೆ ಪ್ರಸಿದ್ಧವಾದ ಹಾವೇರಿಯಲ್ಲಿ ಹಾರ ಹಾಕಿಸಿಕೊಳ್ಳುವ ಸಮಾರಂಭಗಳೇ ಇರಲಿಲ್ಲ. ಜಾತ್ರೆಗಳಿಲ್ಲ, ಮದುವೆಗಳಲ್ಲಿ ಜನವಿಲ್ಲ. ಏಪ್ರಿಲ್ 26ರ ಬಸವ ಜಯಂತಿಯನ್ನು ಕೂಡ ನಾವೆಲ್ಲ ಮನೆಯಂಗಳದಲ್ಲಿಯೇ ಆಚರಿಸಿದೆವು. ಗಮನಿಸಬೇಕಾದ ಸಂಗತಿಯೆಂದರೆ, 2020ರ ಮೇ ತಿಂಗಳು ಆರಂಭವಾದಾಗ ಹಾವೇರಿ ಜಿಲ್ಲೆಯು ರೋಗವಿಲ್ಲದ ಹಸಿರು ವಲಯದ ಪಟ್ಟಿಯಲ್ಲಿದ್ದಿತು. ರೋಗ ಬರುವುದಕ್ಕೆ ಮೊದಲೇ ನಿರುದ್ಯೋಗ ಬಂದಿತ್ತು.

ಹಿಂದಿನ ಒಂದು ಕೂಲಿ

ಆಪತ್ಕಾಲದಲ್ಲಿ ಸರ್ಕಾರ ಕೂಲಿ ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ. 1876ರಲ್ಲಿ ಆರಂಭವಾಗಿ ಎರಡು ವರ್ಷ ಕಾಡಿದ ಮಹಾಕ್ಷಾಮದ ಕಾಲದಲ್ಲಿ ಈ ಊರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಬ್ರಿಟಿಷ್ ಸರ್ಕಾರವು ರಸ್ತೆ, ಕೆರೆಗಳ ಕಾಮಗಾರಿಗಳನ್ನು ತೆರೆದು ಹಸಿದವರಿಗೆ ಕೆಲಸ ಕೊಟ್ಟಿತು. ಆದರೆ ಖರ್ಚು ಉಳಿಸಬೇಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅಲ್ಪಸ್ವಲ್ಪ ಚಿಲ್ಲರೆಗೆ ಇಳಿಸಿದನು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಕಲ್ಲು ಮಣ್ಣು ಹೊರುವ ದೇಹ ಅಷ್ಟರಿಂದ ನಿಲ್ಲಲಾರದು. ಮುಂಬಯಿ ಪ್ರಾಂತದಲ್ಲಿ ಸಾವಿರಾರು ಜನ ಕಾಮಗಾರಿಗಳನ್ನೇ ತೊರೆದು ಹೊರಟರು. ನೆರವನ್ನು ಭಿಕ್ಷೆಯೆಂದು ತಿಳಿದು ಕೊಡುವವನು ಕೈಯನ್ನು ಎಷ್ಟು ಬಿಗಿಹಿಡಿಯಬಲ್ಲನೆಂಬುದಕ್ಕೆ ಇದೊಂದು ನಿದರ್ಶನ.

ಬಂದ ನೆರವು

ಆ ಕಾಲಕ್ಕೆ ಹೋಲಿಸಿದರೆ 2020ರ ಪ್ರಜಾಸರ್ಕಾರಗಳು ಬಹಳಷ್ಟನ್ನು ಮಾಡಿದವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಲಾಕ್‌ಡೌನ್ ಜಾರಿಯಾದ ಮರುದಿನ, ಮಾರ್ಚ್ 26ರಂದು, ಕೇಂದ್ರ ಸರ್ಕಾರವು 1.70 ಲಕ್ಷ ಕೋಟಿ ರೂಪಾಯಿಗಳ ಗರೀಬ್ ಕಲ್ಯಾಣ ಯೋಜನೆಯನ್ನು ಪ್ರಕಟಿಸಿತು. ಪಡಿತರ ಚೀಟಿಯುಳ್ಳ ಬಡ ಕುಟುಂಬಗಳಿಗೆ ತಲೆಗೆ 5 ಕಿಲೋ ಹೆಚ್ಚುವರಿ ಧಾನ್ಯ ಉಚಿತವಾಗಿ ದೊರೆಯಿತು. ಜನಧನ ಖಾತೆಯುಳ್ಳ ಮಹಿಳೆಯರಿಗೆ ತಿಂಗಳಿಗೆ 500 ರೂಪಾಯಿಯಂತೆ ಮೂರು ತಿಂಗಳು ಹಣ ಬಂದಿತು. ಉದ್ಯೋಗ ಖಾತರಿ ಯೋಜನೆಯ ಕೂಲಿಯು ಕರ್ನಾಟಕದಲ್ಲಿ ಏಪ್ರಿಲ್ 1ರಿಂದ 249 ರೂಪಾಯಿಗಳಿಂದ 275ಕ್ಕೆ ಏರಿತು. ಏಪ್ರಿಲ್ 20ರ ನಂತರ ಅದರ ಕಾಮಗಾರಿಗಳಿಗೆ ಅನುಮತಿ ದೊರೆತು, ಹಳ್ಳಿಗಳಲ್ಲಿ ಬದು, ಕೃಷಿಹೊಂಡ, ಕೆರೆಯ ಹೂಳೆತ್ತುವ ಕೆಲಸಗಳು ನಡೆದವು. 2020-21ರಲ್ಲಿ ದೇಶದಾದ್ಯಂತ ಈ ಯೋಜನೆಯಡಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ದೊರೆಯಿತು. ಹಿಂದಿನ ವರ್ಷ ಅದು 265 ಕೋಟಿಯಷ್ಟಿತ್ತು. ಊರಿಗೆ ಮರಳಿದವರ ಸಂಕಟದ ಆಳವನ್ನು ಈ ಎರಡು ಅಂಕಿಗಳ ಅಂತರವೇ ಹೇಳುತ್ತದೆ.

ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೂ ಆಸರೆಯಿದ್ದಿತು. ನೂರು ಮಂದಿಯವರೆಗೆ ನೌಕರರಿದ್ದು, ಅವರಲ್ಲಿ ಶೇಕಡಾ 90ರಷ್ಟು ಮಂದಿಯ ಸಂಬಳ 15,000 ರೂಪಾಯಿಗಿಂತ ಕಡಿಮೆಯಿದ್ದ ಸಂಸ್ಥೆಗಳಲ್ಲಿ, ಆ ಕಡಿಮೆ ಸಂಬಳದವರ ಭವಿಷ್ಯನಿಧಿಗೆ ನೌಕರನ ಪಾಲು 12, ಮಾಲೀಕನ ಪಾಲು 12, ಒಟ್ಟು ಶೇಕಡಾ 24ರಷ್ಟನ್ನು ಸರ್ಕಾರವೇ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ತುಂಬಿತು. ಇ.ಎಸ್.ಐ. ವಿಮೆಯಲ್ಲಿದ್ದು, ನಿಗದಿತ ಕಾಲ ವಂತಿಗೆ ಕಟ್ಟಿ, ಕೆಲಸ ಕಳೆದುಕೊಂಡವರಿಗೆ ಸರಾಸರಿ ಕೂಲಿಯ ಅರ್ಧದಷ್ಟನ್ನು ಗರಿಷ್ಠ 90 ದಿನಗಳವರೆಗೆ ಕೊಡುವ ಏರ್ಪಾಡಾಯಿತು.

ರಾಜ್ಯ ಸರ್ಕಾರವು ಮೇ 6ರಂದು 1,610 ಕೋಟಿ ರೂಪಾಯಿಗಳ ಪರಿಹಾರವನ್ನು ಪ್ರಕಟಿಸಿತು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಓದಿದ ಆ ಪಟ್ಟಿಯಲ್ಲಿ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಕೈಮಗ್ಗದ ನೇಕಾರರಿಗೆ 2,000 ರೂಪಾಯಿ, ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟ 2,000ದ ಮೇಲೆ ಮತ್ತೆ 3,000 ರೂಪಾಯಿ ಸೇರಿದ್ದವು. ಅದೇ ತಿಂಗಳು ಗೋವಿನಜೋಳ ಬೆಳೆದ ರೈತರಿಗೆ ತಲಾ 5,000 ರೂಪಾಯಿಯ ಘೋಷಣೆಯಾಯಿತು. ಅದು ನಮ್ಮ ಜಿಲ್ಲೆಯ ರೈತರಿಗೆ ವಿಶೇಷವಾಗಿ ಒದಗಿಬಂದ ನೆರವು. 2021ರ ಎರಡನೆಯ ಅಲೆಯಲ್ಲಿ, ಮೇ 19ರಂದು, 1,250 ಕೋಟಿಯ ಇನ್ನೊಂದು ಪರಿಹಾರ ಬಂದಿತು. ಹಮಾಲರು, ದರ್ಜಿಗಳು, ಕುಂಬಾರರು, ಕಮ್ಮಾರರು, ಅಕ್ಕಸಾಲಿಗರು, ಚರ್ಮಕಾರರು, ಮೆಕ್ಯಾನಿಕ್‌ಗಳು, ಮನೆಗೆಲಸದವರು, ಚಿಂದಿ ಆಯುವವರು ಮೊದಲಾದವರಿಗೆ ತಲಾ 2,000 ರೂಪಾಯಿ ಗೊತ್ತುಮಾಡಲಾಯಿತು.

ಹೆಸರಿದ್ದವರು, ಹೆಸರಿಲ್ಲದವರು

ಈ ಪಟ್ಟಿಗಳನ್ನು ಓದುವಾಗ ಶರಣಸಾಹಿತ್ಯದ ಪರಿಚಯವುಳ್ಳವರಿಗೆ ಒಂದು ಸಂಗತಿ ಹೊಳೆಯದೆ ಇರದು. ಮಡಿವಾಳ ಮಾಚಿದೇವ, ಕ್ಷೌರಿಕ ಬಂಧುಗಳು ತಮ್ಮ ಗುರುವೆಂದು ನೆನೆಯುವ ಹಡಪದ ಅಪ್ಪಣ್ಣ, ಸೂಜಿಕಾಯಕದ ರಾಮಿತಂದೆ, ಕುಂಬಾರ ಗುಂಡಯ್ಯ, ಸಮಗಾರ ಹರಳಯ್ಯ, ಕಟ್ಟಿಗೆಯ ಹೊರೆ ಹೊತ್ತು ಮಾರಿದ ಮೋಳಿಗೆಯ ಮಾರಯ್ಯ ಇವರೆಲ್ಲರ ಕಾಯಕಗಳು ಅಲ್ಲಿದ್ದವು. ಹನ್ನೆರಡನೆಯ ಶತಮಾನದಲ್ಲಿ ಲೋಕವು ಕೀಳೆಂದು ಕರೆದ ಕೆಲಸಗಳ ಹೆಸರನ್ನು ಶರಣರು ತಮ್ಮ ಹೆಸರಿನ ಮೊದಲಿಗೆ ಧರಿಸಿದರು. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಡದಲ್ಲಿ ನೆಲೆಗೊಂಡ ಚೌಡಯ್ಯನವರು ಇಂದಿಗೂ ಅಂಬಿಗರ ಚೌಡಯ್ಯನವರೇ. ದೋಣಿಯ ಹುಟ್ಟು ಅವರ ಹೆಸರಿನಿಂದ ಬೇರ್ಪಡಲಿಲ್ಲ.

ಇಪ್ಪತ್ತೊಂದನೆಯ ಶತಮಾನದ ಮಹಾಮಾರಿಯಲ್ಲಿ ಸರ್ಕಾರದ ನೆರವೂ ಕಾಯಕದ ಹೆಸರನ್ನು ಹಿಡಿದೇ ಬಂದಿತು. ಯಾರ ಕಾಯಕಕ್ಕೆ ಪಟ್ಟಿಯಲ್ಲಿ ಹೆಸರಿದ್ದಿತೋ, ಯಾರ ಕೈಯಲ್ಲಿ ಅದಕ್ಕೆ ದಾಖಲೆಯಿದ್ದಿತೋ ಅವರಿಗೆ ದೊರೆಯಿತು. ಕ್ಷೌರಿಕರೂ ಮಡಿವಾಳರೂ ಸೇವಾಸಿಂಧು ತಾಣದಲ್ಲಿ ಅರ್ಜಿ ಸಲ್ಲಿಸಿ, ವೃತ್ತಿಯ ದೃಢೀಕರಣ ಪತ್ರವನ್ನು ಒದಗಿಸಬೇಕಾಗಿದ್ದಿತು. ಮೂವತ್ತು ವರ್ಷ ಕತ್ತರಿ ಹಿಡಿದವನು ತಾನು ಕ್ಷೌರಿಕನೆಂದು ಕಾಗದದಲ್ಲಿ ತೋರಿಸಬೇಕಾಯಿತು.

ಈಗ ಬ್ಯಾಡಗಿಯ ತೊಟ್ಟು ಬಿಡಿಸುವ ತಾಯಿಯ ಕಡೆಗೆ ನೋಡೋಣ. ಹಮಾಲನಿಗಾದರೆ ಮಾರುಕಟ್ಟೆ ಸಮಿತಿಯ ಪರವಾನಗಿ ಇರಬಹುದು. 2021ರ ಪಟ್ಟಿಯಲ್ಲಿ ಅವನ ಕಾಯಕದ ಹೆಸರೂ ಬಂದಿತು. ಈ ತಾಯಿಗೆ ಪರವಾನಗಿಯಿಲ್ಲ, ಹಾಜರಿ ಪುಸ್ತಕವಿಲ್ಲ, ಸಂಬಳದ ಚೀಟಿಯಿಲ್ಲ. ಇಂದು ಒಬ್ಬರ ಅಂಗಳದಲ್ಲಿ, ನಾಳೆ ಇನ್ನೊಬ್ಬರ ಅಂಗಳದಲ್ಲಿ ದುಡಿಯುವ ಆಕೆಗೆ ಮಾಲೀಕನು ಯಾರೆಂಬುದೇ ನಿಶ್ಚಯವಿಲ್ಲ. ಉದ್ಯೋಗ ಖಾತರಿಯ ಕಾಯ್ದೆಯು ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಮೋಟೆಬೆನ್ನೂರು ಅಥವಾ ಕದರಮಂಡಲಗಿಯಿಂದ ಪೇಟೆಗೆ ಬರುತ್ತಿದ್ದವಳು ತನ್ನ ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಕೇಳಬಹುದಾಗಿತ್ತು. ಬ್ಯಾಡಗಿ ಪಟ್ಟಣದ ಓಣಿಯಲ್ಲಿಯೇ ಮನೆಯಿದ್ದವಳಿಗೆ ಆ ದಾರಿಯೂ ಇರಲಿಲ್ಲ. ಇಬ್ಬರೂ ಒಂದೇ ರಾಶಿಯ ಮುಂದೆ ಕುಳಿತು ದುಡಿದವರು. ಊರಿನ ಎಲ್ಲೆಯ ಗೆರೆ ಅವರನ್ನು ಬೇರೆ ಮಾಡಿತು. ಪಡಿತರದ ಅಕ್ಕಿ ಇಬ್ಬರಿಗೂ ಬಂದಿತು. ಕೂಲಿ ಮಾತ್ರ ಬರಲಿಲ್ಲ.

ಹೊರದೇಶಗಳಲ್ಲಿ ಇದು ಬೇರೆ ರೀತಿಯಲ್ಲಿ ನಡೆಯಿತು. ಇಂಗ್ಲೆಂಡಿನಲ್ಲಿ ಕೆಲಸ ನಿಂತ ನೌಕರನ ಸಂಬಳದ ಶೇಕಡಾ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್‌ಗಳ ಮಿತಿಯೊಳಗೆ, ಸರ್ಕಾರವೇ ಮಾಲೀಕನ ಮೂಲಕ ಕೊಡುವ ಯೋಜನೆ ಬಂದಿತು. ಮುಂದೆ ಮಾಲೀಕರ ಪಾಲನ್ನೂ ಸೇರಿಸಿಕೊಂಡು ಅದು 2021ರ ಸೆಪ್ಟೆಂಬರ್ ಕೊನೆಯವರೆಗೆ ನಡೆಯಿತು. ಜರ್ಮನಿಯಲ್ಲಿ ಕೆಲಸದ ವೇಳೆ ಕಡಿಮೆಯಾದಾಗ ನಷ್ಟವಾದ ಸಂಬಳದ ಬಹುಭಾಗವನ್ನು ಸರ್ಕಾರ ತುಂಬುವ ಪದ್ಧತಿ ಮೊದಲಿನಿಂದಲೂ ಇದೆ. ಆ ದೇಶಗಳು ಶ್ರೀಮಂತವಾಗಿದ್ದವೆಂಬುದು ಒಂದು ಕಾರಣ. ಅಲ್ಲಿಯ ಬಹುತೇಕ ನೌಕರರ ಸಂಬಳ ಎಲ್ಲಿಯೋ ಒಂದು ಕಡೆ ಬರೆದಿದ್ದಿತೆಂಬುದು ಇನ್ನೊಂದು ಕಾರಣ. ನಮ್ಮಲ್ಲಿ ದುಡಿಯುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಅಸಂಘಟಿತರು. ಬರೆದೇ ಇಲ್ಲದ ಸಂಬಳದ ಶೇಕಡಾ 80 ಎಷ್ಟೆಂದು ಯಾವ ಸರ್ಕಾರ ತಾನೆ ಲೆಕ್ಕ ಹಾಕೀತು?

ಮಾಲೀಕನ ಧರ್ಮ

2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆಯು ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ಆದೇಶವನ್ನು ಹೊರಡಿಸಿತು. ಅಂಗಡಿಯಾಗಲಿ ಕಾರ್ಖಾನೆಯಾಗಲಿ, ಮುಚ್ಚಿದ್ದ ಅವಧಿಗೂ ಕೆಲಸಗಾರರಿಗೆ ಕಡಿತವಿಲ್ಲದೆ ಕೂಲಿ ಕೊಡಬೇಕೆಂಬುದು ಅದರ ತಾತ್ಪರ್ಯ. ವ್ಯಾಪಾರವೇ ಇಲ್ಲದಾಗ ಕೊಡುವುದು ಎಲ್ಲಿಂದ ಎಂದು ಅನೇಕ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಮೇ 18ರಿಂದ ಆ ಆದೇಶ ನಿಂತುಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದೂ, ಆ ದಿನಗಳ ಕೂಲಿಯನ್ನು ಮಾಲೀಕರು ಮತ್ತು ಕೆಲಸಗಾರರು ಮಾತುಕತೆಯಿಂದ ಬಗೆಹರಿಸಿಕೊಳ್ಳಬಹುದೆಂದೂ ಹೇಳಿತು. ಕಾನೂನು ಅಲ್ಲಿಗೆ ಪ್ರಶ್ನೆಯನ್ನು ಮಾಲೀಕ ಕೆಲಸಗಾರರಿಬ್ಬರ ಮನಸ್ಸಾಕ್ಷಿಗೆ ಒಪ್ಪಿಸಿತು.

ಸಣ್ಣ ಅಂಗಡಿಕಾರನ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಬಾಡಿಗೆ, ಬಡ್ಡಿ, ಬಾಕಿ ಇವು ಅವನಿಗೂ ರಜೆ ಕೊಡಲಿಲ್ಲ. ಆದರೂ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಆ ದಿನಗಳಲ್ಲಿ ಕೆಲಸಗಾರರ ಕೈಗೆ ಹಣ ಕೊಟ್ಟ ಮಾಲೀಕರಲ್ಲಿ ಎರಡು ಬಗೆಯವರಿದ್ದರು. ಕೆಲವರು ಅದನ್ನು ಕೂಲಿಯೆಂದು ಕೊಟ್ಟರು. ಕೆಲವರು ಮುಂಗಡವೆಂದು ಕೊಟ್ಟು, ಪೇಟೆ ತೆರೆದ ಮೇಲೆ ವಾರವಾರ ಮುರಿದುಕೊಂಡರು. ಕೈಗೆ ಬಂದ ಹಣ ಎರಡರಲ್ಲಿಯೂ ಒಂದೇ. ಮೊದಲನೆಯವನ ಕೆಲಸಗಾರನು ಬದುಕಿಕೊಂಡನು, ಎರಡನೆಯವನ ಕೆಲಸಗಾರನು ಸಾಲಗಾರನಾದನು. ತಾನು ಬರೆದದ್ದು ಯಾವ ಕಲಮಿನಲ್ಲಿ ಎಂಬುದನ್ನು ಪ್ರತಿಯೊಬ್ಬ ಯಜಮಾನನೂ ತನ್ನ ಖಾತೆ ಪುಸ್ತಕವನ್ನು ತೆರೆದು ತಾನೇ ನೋಡಿಕೊಳ್ಳಬೇಕು.

ದಾಸೋಹವೆಂದರೆ ಉಳಿದದ್ದನ್ನು ಹಂಚುವುದೆಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೆಳೆದುಬಂದಿದೆ. ನಾಡಿನ ಅನೇಕ ಮಠಗಳು, ದಾನಿಗಳು ಆ ದಿನಗಳಲ್ಲಿ ದವಸ ಧಾನ್ಯಗಳನ್ನು ಹಂಚಿದ್ದು ಸ್ತುತ್ಯವೇ. ಆದರೆ ಬೀದಿಯಲ್ಲಿ ಕಿಟ್ ಹಂಚಿ, ತನ್ನ ಅಂಗಡಿಯ ಹುಡುಗನ ಸಂಬಳವನ್ನು ಹಿಡಿದುಕೊಂಡವನದು ದಾಸೋಹವೆನಿಸದು. ಕಾಯಕದ ಫಲವು ಮೊದಲು ಕಾಯಕ ಮಾಡಿದವನಿಗೆ ಸಲ್ಲಬೇಕು. ದಾನದ ಮಾತು ಅನಂತರದ್ದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿ ಸುರಿದು ಬರಲು ಹೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತಿದೆ. ಆ ತಾಯಿಯ ಅಳತೆಗೋಲು ಎರಡು ಕಡೆಗೂ ಸಲ್ಲುತ್ತದೆ. ಅನರ್ಹನಾಗಿದ್ದೂ ಸರ್ಕಾರದ ಪರಿಹಾರಕ್ಕೆ ಕೈಯೊಡ್ಡಿದವನಿಗೂ ಅದು ಸಲ್ಲುತ್ತದೆ, ಇನ್ನೊಬ್ಬರ ಕೂಲಿಯನ್ನು ತನ್ನ ಚೀಲದಲ್ಲಿ ಉಳಿಸಿಕೊಂಡವನಿಗೂ ಸಲ್ಲುತ್ತದೆ.

ಲಾಕ್‌ಡೌನ್ ಕಾಲದ ನೆರವನ್ನು ಪುಕ್ಕಟೆ ಹಣವೆಂದು ಹಳಿಯುವ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಇದನ್ನು ನಾವು ಒಪ್ಪಲಾರೆವು. ಹಮಾಲನು ಅಂದು ಸೋಮಾರಿತನದಿಂದ ಮನೆಯಲ್ಲಿ ಕುಳಿತಿರಲಿಲ್ಲ. ಅವನು ಹೊರಬಂದರೆ ರೋಗ ಹರಡೀತು, ನಮ್ಮ ಮನೆಯ ಹಿರಿಯರ ಉಸಿರು ನಿಂತೀತು ಎಂಬ ಕಾರಣದಿಂದ ಅವನನ್ನು ಕೂರಿಸಲಾಯಿತು. ತನ್ನ ಮಕ್ಕಳ ಅನ್ನವನ್ನು ಪಣಕ್ಕಿಟ್ಟು ಅವನು ನಮ್ಮ ಪ್ರಾಣವನ್ನು ಕಾಯ್ದನು. ಹಾಗೆ ನೋಡಿದರೆ ಆ ದಿನಗಳಲ್ಲಿ ಮನೆಯಲ್ಲಿರುವುದೇ ಅವನ ಕಾಯಕವಾಗಿದ್ದಿತು. ಕಾಯಕಕ್ಕೆ ಕೂಲಿಯುಂಟು. ಅದನ್ನು ಕೊಡುವ ಭಾರ ಕಾಯಿಸಿಕೊಂಡವರೆಲ್ಲರ ಮೇಲಿದೆ. ನಮ್ಮೆಲ್ಲರ ಪರವಾಗಿ ಸರ್ಕಾರ ಅದನ್ನು ಕೊಡಬೇಕು, ಶಕ್ತಿಯಿದ್ದ ಮಾಲೀಕನು ತನ್ನ ಪಾಲನ್ನು ಸೇರಿಸಬೇಕು. ನಮ್ಮ ಮೊದಲಿನ ಪ್ರಶ್ನೆಗೆ ನಮಗೆ ತೋರುವ ಉತ್ತರವಿದು.

ಈಗ ಮಾಡತಕ್ಕದ್ದು

ಮಹಾಮಾರಿ ಮತ್ತೆ ಬಾರದಿರಲಿ. ಆದರೆ ಬರ, ನೆರೆ, ಬೆಲೆಕುಸಿತಗಳು ನಮ್ಮ ಸೀಮೆಗೆ ಅಪರಿಚಿತವಲ್ಲ. ಮುಂದಿನ ಆಪತ್ತಿನಲ್ಲಿಯೂ ನೆರವು ಹೆಸರನ್ನು ಹುಡುಕಿಕೊಂಡೇ ಬರುತ್ತದೆ. ಆದ್ದರಿಂದ ಹೆಸರನ್ನು ಇಂದೇ ಬರೆಸಬೇಕು.

ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದಾಖಲೆಗಾಗಿ 2021ರ ಆಗಸ್ಟ್ 26ರಂದು ಇ-ಶ್ರಮ್ ಎಂಬ ವ್ಯವಸ್ಥೆ ಆರಂಭವಾಯಿತು. ಈವರೆಗೆ 30 ಕೋಟಿಗೂ ಹೆಚ್ಚು ಮಂದಿ ಅದರಲ್ಲಿ ಹೆಸರು ಬರೆಸಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ತೊಟ್ಟು ಬಿಡಿಸುವ ತಾಯಿಗೂ, ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ ಅಲ್ಲಿ ಸ್ಥಳವಿದೆ. ಆಧಾರ್, ಬ್ಯಾಂಕಿನ ಪಾಸ್‌ಬುಕ್, ಮೊಬೈಲ್ ಇದ್ದರೆ ಹತ್ತಿರದ ಸೇವಾ ಕೇಂದ್ರದಲ್ಲಿ ಇದಾಗುತ್ತದೆ. ಹಮಾಲರು, ದರ್ಜಿಗಳು, ಕ್ಷೌರಿಕರು ಮೊದಲಾದವರ ನೋಂದಣಿಗೆ ರಾಜ್ಯದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಬಂದಿದೆ. ಕಟ್ಟಡ ಕೆಲಸದವರಿಗೆ ಅವರದೇ ಕಲ್ಯಾಣ ಮಂಡಳಿಯಿದೆ. ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಅಲ್ಲಿ ಅವಶ್ಯ.

ಇದರಲ್ಲಿ ನಮ್ಮ ಮನೆತನಗಳ ಪಾತ್ರ ದೊಡ್ಡದು. ದಲಾಲಿ ಅಂಗಡಿಯ ಯಜಮಾನರು ತಮ್ಮಲ್ಲಿ ದುಡಿಯುವವರ ಹೆಸರನ್ನು, ದಿನವನ್ನು, ಕೊಟ್ಟ ಕೂಲಿಯನ್ನು ಒಂದು ಹಾಜರಿ ಪುಸ್ತಕದಲ್ಲಿ ಬರೆದಿಡಲಿ. ಕೇಳಿದಾಗ ದೃಢೀಕರಣಕ್ಕೆ ಸಹಿ ಹಾಕಲು ಹಿಂಜರಿಯದಿರಲಿ. ಬರೆದರೆ ಹೊಣೆ ಬರುತ್ತದೆಂಬ ಅಂಜಿಕೆ ಹಲವರಲ್ಲಿದೆ. ಹೊಣೆಯು ಬರೆಯುವುದಕ್ಕೆ ಮೊದಲೇ ಇದೆ, ಬರಹ ಅದನ್ನು ಕಾಣುವಂತೆ ಮಾಡುತ್ತದೆ ಅಷ್ಟೆ. ಭವಿಷ್ಯನಿಧಿ, ಇ.ಎಸ್.ಐ. ಅನ್ವಯಿಸುವಷ್ಟು ಕೆಲಸಗಾರರಿದ್ದಲ್ಲಿ ವಂತಿಗೆಯನ್ನು ಪ್ರಾಮಾಣಿಕವಾಗಿ ಕಟ್ಟಲಿ. ಗೃಹಿಣಿಯರು ತಮ್ಮ ಮನೆಯಲ್ಲಿ ಮುಸುರೆ ತಿಕ್ಕುವ ತಂಗಿಯ ಹೆಸರಿನಲ್ಲಿಯೇ ಒಂದು ಬ್ಯಾಂಕ್ ಖಾತೆಯಿದೆಯೇ ಎಂದು ವಿಚಾರಿಸಲಿ. ಕಾಲೇಜಿಗೆ ಹೋಗುವ ಮಕ್ಕಳು ಒಂದು ಭಾನುವಾರ ತಮ್ಮ ಓಣಿಯ ಹತ್ತು ಜನರ ನೋಂದಣಿಗೆ ನೆರವಾಗಲಿ. ಬಸವ ಜಯಂತಿಯಂದು ಮಠದ ಅಂಗಳದಲ್ಲಿ ಪ್ರಸಾದದ ಪಂಕ್ತಿಯ ಪಕ್ಕದಲ್ಲಿಯೇ ಹೆಸರು ಬರೆಸುವ ಒಂದು ಮೇಜನ್ನು ಹಾಕಿದರೆ ಅದೂ ದಾಸೋಹವೇ ಆದೀತು.

ಅನುಭವ ಮಂಟಪದಲ್ಲಿ ಮಡಿವಾಳನೂ ಅಂಬಿಗನೂ ಹೊರೆ ಹೊತ್ತವನೂ ತಮ್ಮ ಕಾಯಕದ ಹೆಸರಿನಿಂದಲೇ ಗೌರವ ಪಡೆದರು. ಎಂಟು ಶತಮಾನಗಳ ಮೇಲೆಯೂ ಆ ಹೆಸರುಗಳು ಉಳಿದುಬಂದದ್ದು ಅಂದಿನವರು ಅವನ್ನು ಬರೆದಿಟ್ಟದ್ದರಿಂದ. ನಮ್ಮ ಪೇಟೆಯಲ್ಲಿ, ಹೊಲದಲ್ಲಿ, ಅಡುಗೆಮನೆಯಲ್ಲಿ ದುಡಿಯುವವರ ಹೆಸರನ್ನು ಬರೆದಿಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಈ ತಿಂಗಳಲ್ಲಿಯೇ ಓದುಗ ಬಂಧುಗಳು ತಮ್ಮ ಮನೆಯಲ್ಲಿಯೋ ಅಂಗಡಿಯಲ್ಲಿಯೋ ಒಬ್ಬರ ಹೆಸರಿನಿಂದಾದರೂ ಇದನ್ನು ಆರಂಭಿಸಬೇಕೆಂದು ಪ್ರಾರ್ಥಿಸುತ್ತೇವೆ.